ಡಿಬಿಯಲ್ಲಿರೋ ದೊಡ್ಡ ಬಿ

ಕಳೆದ ಸೆಮಿಸ್ಟರ್‌ನ ಕೊನೇ ಶನಿವಾರ ನಮ್ಮ ಹಾಸ್ಟೆಲ್ಲಿನ ಕಾಮನ್ ರೂಮಲ್ಲಿ ಕನ್ನಡ ಸಂಘದಿಂದ ಸಿನಿಮಾ ಇಟ್ಟುಕೊಂಡಿದ್ವಿ. ಲ್ಯಾಪ್‌ಟಾಪಿಗೂ ಟಿವಿಗೂ ಒಂದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಮುಗೀತು ಅನ್ನೋದು ನಮ್ಮ ಲೆಕ್ಕ. ಚಿತ್ರವೇನೋ ಚೆನ್ನಾಗೇ ಬಂತು. ಗೋಳು ಶುರುವಾಗಿದ್ದು ಸೌಂಡಿನಿಂದ. ಪಾತ್ರಗಳು ಮಾತಾಡಿದರೆ ಗುಸುಗುಸು, ಫೈಟ್ ಬಂದರೆ ಕಿಟಕಿ ಗಾಜು ಅದುರೋದು. ಮಾತಿಗೆ ಅಂತ ಟಿವಿ ವಾಲ್ಯೂಮ್ 45ಕ್ಕೆ ಏರಿಸೋದು, ಹಾಡು ಬಂದ ಕೂಡಲೇ 15ಕ್ಕೆ ಇಳಿಸೋದು. ಇಂಟರ್ವಲ್ ಹೊತ್ತಿಗೆ ಸಿನಿಮಾಕ್ಕಿಂತ ರಿಮೋಟಿನ ಓಡಾಟವೇ ಜಾಸ್ತಿ ಆಗಿತ್ತು. ಮುಂದಿನ ಸಾಲಲ್ಲಿ ಎಡಗಡೆ ಕೂತಿದ್ದ ನಮ್ಮ ವಾಚ್‌ಮನ್ ತಾತ ಕಿವಿ ಹಿಂದೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನೋಡಿ, ಸಾಕಾಗಿ ಎದ್ದು ಗೇಟಿನ ಕಡೆ ಹೊರಟುಹೋದ್ರು.

ಎಲೆಕ್ಟ್ರಾನಿಕ್ಸ್ ಓದೋ ಹುಡುಗರು ಅಂತ ಹೇಳಿಕೊಂಡು ತಿರುಗೋ ನಮಗೆ ಇದು ಮರ್ಯಾದೆ ಪ್ರಶ್ನೆ. ಇಂಟರ್ವಲ್ಲಲ್ಲಿ ಕೂತು ಹುಡುಕಿದಾಗ ಮೂರು ತಪ್ಪು ಸಿಕ್ಕಿದವು. ಮೊದಲನೇದು, ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗ್ಸಲ್ಲಿ ಸ್ಪೀಕರ್ 5.1 ಅಂತ ಇತ್ತು. ಅಂದರೆ ಟಿವಿಗೆ ಆರು ಸ್ಪೀಕರ್ ಇದೆ ಅಂತ ಲ್ಯಾಪ್‌ಟಾಪ್ ನಂಬಿಕೊಂಡಿತ್ತು. 5.1 ಸಿನಿಮಾದಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿಗೆ ಹೋಗುತ್ತೆ. ನಮ್ಮ ಟಿವಿಗೆ ಇರೋದು ಎಡಕ್ಕೊಂದು, ಬಲಕ್ಕೊಂದು. ಇಲ್ಲದ ಸ್ಪೀಕರಿಗೆ ಹೋದ ಮಾತು ಎಲ್ಲಿಂದ ಕೇಳಬೇಕು? ಅದನ್ನ ಸ್ಟೀರಿಯೋ ಮಾಡಿದ ತಕ್ಷಣ ಮುಕ್ಕಾಲು ಪಾಲು ಸರಿಹೋಯ್ತು.

ಎರಡನೇದು, ವಾಲ್ಯೂಮ್ ಮೂರು ಕಡೆ ಇತ್ತು: ಪ್ಲೇಯರಲ್ಲಿ ಒಂದು, ವಿಂಡೋಸಲ್ಲಿ ಒಂದು, ಟಿವಿಯಲ್ಲಿ ಒಂದು. ಒಂದೇ ಪೈಪಿಗೆ ಮೂರು ನಲ್ಲಿ ಹಾಕಿದ ಹಾಗೆ. ಮೊದಲ ಎರಡು ನಲ್ಲಿ ಪೂರ್ತಿ ತೆರೆದಿಟ್ಟು, ಕೊನೇದರಲ್ಲಿ ಮಾತ್ರ ಹೆಚ್ಚು ಕಮ್ಮಿ ಮಾಡಬೇಕು. ಮೂಲದಲ್ಲೇ ಸಣ್ಣಗಾದ ಸಿಗ್ನಲ್ಲನ್ನ ಕೊನೇಲಿ ಎತ್ತಿದರೆ ಜೊತೆಗಿರೋ ಗೊರಗೊರ ಸದ್ದೂ ಎದ್ದು ಬರುತ್ತೆ. ಮೂರನೇದು, ಲೌಡ್‌ನೆಸ್ ಈಕ್ವಲೈಸೇಶನ್ ಅನ್ನೋ ಆಯ್ಕೆಗೆ ಟಿಕ್ ಹಾಕಿರಲಿಲ್ಲ. ಹಾಕಿದ ಮೇಲೆ ಪಿಸುಮಾತಿಗೂ ಕಿರುಚಾಟಕ್ಕೂ ಇದ್ದ ಅಂತರ ಕಡಿಮೆ ಆಯ್ತು. ಸೆಕೆಂಡ್ ಹಾಫ್ ಎಲ್ಲರೂ ರಿಮೋಟ್ ಮುಟ್ಟದೆ ನೋಡಿದ್ವಿ.

ಈ ಹುಡುಕಾಟದಲ್ಲಿ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ವಿಂಡೋಸಿನ ಹಳೇ ಸೌಂಡ್ ಪ್ಯಾನೆಲ್ಲಲ್ಲಿ ವಾಲ್ಯೂಮ್ ನಂಬರಿನ ಮೇಲೆ ರೈಟ್ ಕ್ಲಿಕ್ ಮಾಡಿ ಬದಲಾಯಿಸಿಕೊಂಡರೆ ಪರ್ಸೆಂಟ್ ಹೋಗಿ ಡಿಬಿ ಬರುತ್ತೆ. ಚಿಕ್ಕ ಡಿ, ದೊಡ್ಡ ಬಿ. ಬಿ ಮಾತ್ರ ಯಾಕೆ ದೊಡ್ಡದು ಅಂತ ನಮ್ಮಲ್ಲೇ ಒಬ್ಬ ಕೇಳಿದ. ಎರಡು ಮಾರ್ಕ್ಸಿನ ಪ್ರಶ್ನೆ, ಆದರೂ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ವೋಲ್ಟ್, ವ್ಯಾಟ್, ಹರ್ಟ್ಸ್ ಥರಾನೇ ಇದೂ ಒಬ್ಬ ಮನುಷ್ಯನ ಹೆಸರು. ಅಲೆಕ್ಸಾಂಡರ್ ಗ್ರಹಾಂ ಬೆಲ್. ಟೆಲಿಫೋನ್ ಕಂಡುಹಿಡಿದವನು ಅಂತ ಮೂರನೇ ಕ್ಲಾಸಲ್ಲೇ ಬಾಯಿಪಾಠ ಮಾಡಿದ್ವಿ. ಅದಕ್ಕಿಂತ ಆಚೆ ಏನೂ ಓದಿರಲಿಲ್ಲ. ರಜೆಯಲ್ಲಿ ಕೂತು ಓದಿದಾಗ ಸಿಕ್ಕಿದ ಬೆಲ್ ನಮ್ಮ ಜಿಕೆ ಪುಸ್ತಕದ ಬೆಲ್ ಅಲ್ಲ. ಅವನ ಕಥೆ ಶುರುವಾಗೋದು ತಂತಿಯಿಂದಲ್ಲ, ಕಿವಿ ಕೇಳದ ಅಮ್ಮನಿಂದ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮನೆಯಲ್ಲಿ ಅಲೆಕ್ ಅಂತ ಕರೀತಿದ್ರು. ಅಪ್ಪ ಮೆಲ್ವಿಲ್ ಬೆಲ್ ಮಾತು ಮತ್ತು ಉಚ್ಚಾರಣೆ ಕಲಿಸೋ ಮೇಷ್ಟ್ರು, ಅಜ್ಜಂದೂ ಅದೇ ಕೆಲಸ. ಮಾತಾಡುವಾಗ ತುಟಿ, ನಾಲಿಗೆ, ಗಂಟಲು ಹೇಗೆ ನಿಲ್ಲುತ್ತೆ ಅನ್ನೋದನ್ನೇ ಗುರುತುಗಳಾಗಿ ಬರೆಯೋ ಒಂದು ಲಿಪಿಯನ್ನ ಅಪ್ಪ ಕಂಡುಹಿಡಿದಿದ್ದರು. ಅದಕ್ಕೆ ವಿಸಿಬಲ್ ಸ್ಪೀಚ್ ಅಂತ ಹೆಸರು. ಭಾಷೆ ಗೊತ್ತಿಲ್ಲದಿದ್ದರೂ ಆ ಗುರುತು ನೋಡಿ ಸದ್ದು ಹೊರಡಿಸಬಹುದಿತ್ತು. ಅಪ್ಪನ ಪ್ರದರ್ಶನಗಳಲ್ಲಿ ಆ ಲಿಪಿ ಓದಿ ತೋರಿಸ್ತಿದ್ದದ್ದು ಮಗನೇ.

ಅಮ್ಮ ಎಲೈಜಾಗೆ ಕಿವಿ ತುಂಬಾ ಮಂದ. ಆದರೂ ಚೆನ್ನಾಗಿ ಪಿಯಾನೋ ನುಡಿಸೋರು. ಬೇರೆಯವರು ಅಮ್ಮನ ಹತ್ತಿರ ಮಾತಾಡಬೇಕಾದರೆ ಕಿವಿಗಿಟ್ಟುಕೊಂಡ ಕೊಳವೆಯೊಳಗೆ ಜೋರಾಗಿ ಕೂಗೋರು. ಅಲೆಕ್ ಕೂಗುತ್ತಿರಲಿಲ್ಲ. ಅಮ್ಮನ ಹಣೆಯ ಹತ್ತಿರ ಬಾಯಿಟ್ಟು ಮೆಲ್ಲಗೆ, ದಪ್ಪ ದನಿಯಲ್ಲಿ ಮಾತಾಡುತ್ತಿದ್ದ. ಆ ಅದುರು ಅಮ್ಮನಿಗೆ ತಿಳಿಯುತ್ತಿತ್ತು. ಮನೆಗೆ ನೆಂಟರು ಬಂದು ಎಲ್ಲರೂ ಹರಟೆ ಹೊಡೆಯುವಾಗ ಪಕ್ಕದಲ್ಲಿ ಕೂತು, ಬೆರಳಲ್ಲೇ ಅಕ್ಷರ ತೋರಿಸಿ ಯಾರು ಏನಂದರು ಅಂತ ಹೇಳುತ್ತಿದ್ದ. ಇದನ್ನ ನೆನಪಿಟ್ಟುಕೊಳ್ಳಿ. ಕೂಗಿ ಪ್ರಯೋಜನವಿಲ್ಲ, ದಾರಿ ಬದಲಾಯಿಸಬೇಕು ಅನ್ನೋದು ಚಿಕ್ಕ ಹುಡುಗನಿಗೆ ಗೊತ್ತಿತ್ತು.

ಹುಡುಗಾಟವೂ ಕಡಿಮೆ ಇರಲಿಲ್ಲ. ಮನೆ ನಾಯಿಗೆ ಗುರುಗುಟ್ಟೋದು ಕಲಿಸಿ, ಅದರ ಬಾಯಿಯನ್ನ ಕೈಯಿಂದ ಒತ್ತಿ ಬಿಟ್ಟು ಮಾತು ಹೊರಡಿಸೋಕೆ ನೋಡಿದ. ಅಣ್ಣನ ಜೊತೆ ಸೇರಿ ಮಾತಾಡೋ ಗೊಂಬೆ ತಲೆಯೊಂದನ್ನ ಮಾಡಿದ. ಗಾಳಿ ಊದಿ ತುಟಿ ಆಡಿಸಿದರೆ ಅದು ಮಗುವಿನ ಥರ ಅಮ್ಮನನ್ನ ಕರೆಯುತ್ತಿತ್ತು. ನಮ್ಮ ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಇಟ್ಟಿದ್ದರೆ ಖಂಡಿತ ಪ್ರೈಜ್ ಬರುತ್ತಿತ್ತು.

ಆಮೇಲೆ ಕೆಟ್ಟ ಕಾಲ ಬಂತು. 1867ರಲ್ಲಿ ತಮ್ಮ ಎಡ್ವರ್ಡ್ ಕ್ಷಯದಿಂದ ಸತ್ತ. 1870ರಲ್ಲಿ ಅಣ್ಣನೂ ಅದೇ ಕಾಯಿಲೆಯಿಂದ ಹೋದ. ಮೂವರಲ್ಲಿ ಉಳಿದಿದ್ದು ಅಲೆಕ್ ಒಬ್ಬನೇ, ಅವನ ಆರೋಗ್ಯವೂ ನೆಟ್ಟಗಿರಲಿಲ್ಲ. ಇದೊಂದನ್ನಾದರೂ ಉಳಿಸಿಕೊಳ್ಳೋಣ ಅಂತ ಅಪ್ಪ ಅಮ್ಮ ಊರು ಬಿಟ್ಟು ಹಡಗು ಹತ್ತಿದರು. ಕೆನಡಾದ ಬ್ರಾಂಟ್‌ಫರ್ಡ್ ಹತ್ತಿರ ಮನೆ ಮಾಡಿದರು. ಅಲ್ಲಿನ ಗಾಳಿಗೆ ಹುಡುಗ ಚೇತರಿಸಿಕೊಂಡ. ಆಗ ಅವನಿಗೆ 23 ವರ್ಷ, ನಮ್ಮ ಸೂಪರ್ ಸೀನಿಯರ್‌ಗಳ ವಯಸ್ಸು.

1871ರಲ್ಲಿ ಅಮೆರಿಕದ ಬಾಸ್ಟನ್ನಿಗೆ ಹೋಗಿ, ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಅಪ್ಪನ ಲಿಪಿಯಿಂದ ಮಾತು ಕಲಿಸೋ ಕೆಲಸಕ್ಕೆ ಸೇರಿದ. ಎರಡು ವರ್ಷಕ್ಕೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ. ಹಗಲು ಪಾಠ, ರಾತ್ರಿ ಪ್ರಯೋಗ. ಅವನ ವಿದ್ಯಾರ್ಥಿಗಳಲ್ಲಿ ಮೇಬಲ್ ಹಬ್ಬರ್ಡ್ ಅನ್ನೋ ಹುಡುಗಿ ಇದ್ದಳು. ಐದನೇ ವಯಸ್ಸಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳೋದರಲ್ಲಿ ಬಲು ಚುರುಕು. ಅವಳ ಅಪ್ಪ ಗಾರ್ಡಿನರ್ ಹಬ್ಬರ್ಡ್ ದೊಡ್ಡ ವಕೀಲ. ಇನ್ನೊಬ್ಬ ಪುಟ್ಟ ಶಿಷ್ಯನ ಅಪ್ಪ ಥಾಮಸ್ ಸ್ಯಾಂಡರ್ಸ್ ಚರ್ಮದ ವ್ಯಾಪಾರಿ. ಬೆಲ್‌ನ ಪ್ರಯೋಗಗಳಿಗೆ ದುಡ್ಡು ಹಾಕಿದ್ದು ಈ ಇಬ್ಬರೇ. ಅಂದರೆ ಟೆಲಿಫೋನಿನ ಬಂಡವಾಳ ಬಂದಿದ್ದು ಕಿವಿ ಕೇಳದ ಇಬ್ಬರು ಮಕ್ಕಳ ಮನೆಯಿಂದ.

ಅವರಿಗೆ ಬೇಕಾಗಿದ್ದು ಟೆಲಿಫೋನ್ ಅಲ್ಲ. ಆಗ ಟೆಲಿಗ್ರಾಫ್ ತಂತಿಗಳ ಮೇಲೆ ಸಂದೇಶಗಳ ಒತ್ತಡ ಜಾಸ್ತಿ ಇತ್ತು. ಒಂದೇ ತಂತಿಯಲ್ಲಿ ಹಲವು ಸಂದೇಶಗಳನ್ನ ಬೇರೆ ಬೇರೆ ಶ್ರುತಿಯಲ್ಲಿ ಕಳಿಸೋ ಯಂತ್ರ ಮಾಡಿದರೆ ಭಾರೀ ದುಡ್ಡು. ನಾವು ಈಗ ಫ್ರೀಕ್ವೆನ್ಸಿ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಅಂತ ಓದುತ್ತೀವಲ್ಲ, ಹೆಚ್ಚುಕಡಿಮೆ ಅದೇ ಐಡಿಯಾ. ಆದರೆ ಬೆಲ್‌ನ ತಲೆ ಮಾತಿನ ಕಡೆಗೇ ಓಡುತ್ತಿತ್ತು. 1874ರಲ್ಲಿ ಕಿವಿಯ ಡಾಕ್ಟರ್ ಕ್ಲಾರೆನ್ಸ್ ಬ್ಲೇಕ್ ಹತ್ತಿರ ಸತ್ತವನೊಬ್ಬನ ಕಿವಿ ಪಡೆದ. ಅದರ ಮೂಳೆಗೆ ಒಣಹುಲ್ಲಿನ ಎಳೆ ಕಟ್ಟಿ, ಮಸಿ ಹಿಡಿಸಿದ ಗಾಜಿನ ಮೇಲೆ ಇಟ್ಟು ಮಾತಾಡಿದ. ದನಿಯ ಅಲೆ ಗಾಜಿನ ಮೇಲೆ ಗೀಚಿಕೊಂಡು ಬಂತು. ಕಿವುಡು ಮಕ್ಕಳಿಗೆ ತಮ್ಮ ದನಿಯ ಆಕಾರ ತೋರಿಸೋಣ ಅಂತ ಮಾಡಿದ್ದು ಇದು. ಆದರೆ ಆ ತೆಳು ಪೊರೆ ತನಗಿಂತ ಎಷ್ಟೋ ಭಾರದ ಮೂಳೆಗಳನ್ನ ಅಲುಗಾಡಿಸೋದು ನೋಡಿ ಬೆಲ್‌ಗೆ ಇನ್ನೊಂದು ಹೊಳೆಯಿತು. ಪೊರೆ ಮೂಳೆಯನ್ನ ಆಡಿಸಬಹುದಾದರೆ ಕಬ್ಬಿಣದ ಚೂರನ್ನೂ ಆಡಿಸಬಹುದು, ಅದು ಕರೆಂಟನ್ನ ದನಿಯ ಹಾಗೇ ಏರಿಳಿಸಬಹುದು.

ಕೈಗೆ ಮಾತ್ರ ಕೆಲಸ ಬರುತ್ತಿರಲಿಲ್ಲ. ಥಿಯರಿ ಗೊತ್ತು, ಸೋಲ್ಡರಿಂಗ್ ಬರಲ್ಲ ಅನ್ನೋ ನಮ್ಮಂಥ ಕೇಸ್. ಅದಕ್ಕೆ ಸಿಕ್ಕಿದ್ದು ವರ್ಕ್‌ಶಾಪಿನ ಹುಡುಗ ಥಾಮಸ್ ವ್ಯಾಟ್ಸನ್. 1875ರ ಜೂನ್ 2ರಂದು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಟೆಲಿಗ್ರಾಫ್ ಯಂತ್ರ ಸರಿಮಾಡುತ್ತಿದ್ದರು. ವ್ಯಾಟ್ಸನ್ ಕಡೆಯ ಒಂದು ಉಕ್ಕಿನ ಪಟ್ಟಿ ಅಂಟಿಕೊಂಡಿತು. ಅದನ್ನ ಬಿಡಿಸೋಕೆ ಮೀಟಿದ. ಈ ಕಡೆ ಬೆಲ್‌ಗೆ ಆ ಮೀಟಿನ ಟಣ್ ಸದ್ದು ಹಾಗ್ಹಾಗೇ ಕೇಳಿಸಿತು. ಸ್ಕ್ರೂ ಜಾಸ್ತಿ ಬಿಗಿಯಾಗಿ, ಕರೆಂಟ್ ಕಡಿದು ಕಡಿದು ಹೋಗೋ ಬದಲು ಒಂದೇ ಸಮ ಹರಿಯುತ್ತಿತ್ತು, ಪಟ್ಟಿ ಅದುರಿದ ಹಾಗೆ ಅದೂ ಏರಿಳಿಯಿತು. ಒಂದು ತಪ್ಪು ಸೆಟ್ಟಿಂಗಿನಿಂದ ಇಡೀ ಟೆಲಿಫೋನ್ ಹುಟ್ಟಿತು ಅನ್ನಬಹುದು.

1876ರ ಫೆಬ್ರವರಿ 14ರಂದು ಬೆಲ್‌ನ ಪೇಟೆಂಟ್ ಅರ್ಜಿ ಆಫೀಸಿಗೆ ಹೋಯಿತು. ಅದೇ ದಿನ ಎಲಿಶಾ ಗ್ರೇ ಅನ್ನೋ ಇನ್ನೊಬ್ಬ ಇಂಜಿನಿಯರ್ ಕಡೆಯಿಂದಲೂ ಇಂಥದೇ ಯಂತ್ರದ ಕಾಗದ ಬಂತು. ಮಾರ್ಚ್ 7ಕ್ಕೆ ಪೇಟೆಂಟ್ ಸಿಕ್ಕಿದ್ದು ಬೆಲ್‌ಗೆ, ನಂಬರ್ 174465. ಮೂರೇ ದಿನಕ್ಕೆ, ಮಾರ್ಚ್ 10ರಂದು, ಪಕ್ಕದ ಕೋಣೆಯಲ್ಲಿದ್ದ ವ್ಯಾಟ್ಸನ್‌ನನ್ನ ಬೆಲ್ ತಂತಿಯ ಮೂಲಕ ಕರೆದ, ಅವನು ಓಡಿ ಬಂದ. ಆ ದಿನ ಬಳಸಿದ, ಆಮ್ಲ ಬೆರೆಸಿದ ನೀರಿನ ಟ್ರಾನ್ಸ್‌ಮಿಟರು ಗ್ರೇ ಬರೆದಿದ್ದಕ್ಕೆ ಹತ್ತಿರ ಇತ್ತು ಅನ್ನೋ ಜಗಳ ಇವತ್ತಿಗೂ ಇತಿಹಾಸಕಾರರ ನಡುವೆ ಇದೆ. ಇಟಲಿಯ ಆಂಟೋನಿಯೋ ಮೆಯುಚ್ಚಿ ಇವರಿಬ್ಬರಿಗಿಂತ ಮೊದಲೇ ಕೆಲಸ ಮಾಡಿದ್ದ. 2002ರಲ್ಲಿ ಅಮೆರಿಕದ ಕೆಳಮನೆ ಅವನ ಕೆಲಸ ನೆನೆದು ಒಂದು ನಿರ್ಣಯ ಮಾಡಿತು. ಕೋರ್ಟುಗಳಲ್ಲಿ ಮಾತ್ರ ಗೆದ್ದದ್ದು ಬೆಲ್. 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಪೇಟೆಂಟ್ ಅವನದೇ ಅಂದಿತು.

1877ರ ಜುಲೈ 11ರಂದು ಬೆಲ್ ಮೇಬಲ್‌ನನ್ನ ಮದುವೆಯಾದ. ಅದಕ್ಕೆ ಎರಡೇ ದಿನ ಮುಂಚೆ ಬೆಲ್ ಟೆಲಿಫೋನ್ ಕಂಪನಿ ಶುರುವಾಗಿತ್ತು. ತನಗೆ 10 ಷೇರು ಇಟ್ಟುಕೊಂಡು ಉಳಿದದ್ದೆಲ್ಲ ಹೆಂಡತಿಗೆ ಉಡುಗೊರೆ ಕೊಟ್ಟುಬಿಟ್ಟ. ಬೆಲ್ ಮಾಡಿದ ಯಂತ್ರವನ್ನ ಮೇಬಲ್ ಒಂದು ದಿನವೂ ಕಿವಿಗಿಟ್ಟು ಕೇಳಲು ಸಾಧ್ಯವಿರಲಿಲ್ಲ ಅನ್ನೋದು ಓದಿದಾಗ ನಮಗೆ ಒಂಥರಾ ಆಯ್ತು.

ಆ ಕಾಲದ ಟೆಲಿಫೋನಿನ ದೊಡ್ಡ ರೋಗ ಯಾವುದು ಗೊತ್ತಾ? ವಾಲ್ಯೂಮ್. ಆಂಪ್ಲಿಫಯರ್ ಅನ್ನೋದೇ ಇರಲಿಲ್ಲ. ಮನುಷ್ಯನ ದನಿಯ ಶಕ್ತಿಯಿಂದಲೇ ಕರೆಂಟ್ ಹುಟ್ಟಬೇಕು, ಅದೇ ತಂತಿಯಲ್ಲಿ ಸವೆಯುತ್ತಾ ಆ ಕಡೆ ಮುಟ್ಟಬೇಕು. ಪಕ್ಕದ ಬೀದಿಯವರು ಜೋರಾಗಿ, ಪಕ್ಕದ ಊರಿನವರು ಇರುವೆ ಮಾತಾಡಿದ ಹಾಗೆ. ಎಡಿಸನ್‌ನ ಕಾರ್ಬನ್ ಟ್ರಾನ್ಸ್‌ಮಿಟರ್ ದನಿಯನ್ನ ಬಹಳ ಜೋರು ಮಾಡಿತು. ಅದರಲ್ಲಿ ದನಿ ಕರೆಂಟನ್ನ ಹುಟ್ಟಿಸೋದಿಲ್ಲ, ಬ್ಯಾಟರಿಯ ಕರೆಂಟನ್ನ ಹಿಡಿದು ಬಿಡುತ್ತೆ. ಅದು ಎದುರಾಳಿ ವೆಸ್ಟರ್ನ್ ಯೂನಿಯನ್ ಕೈಯಲ್ಲಿತ್ತು. 1879ರಲ್ಲಿ ರಾಜಿಯಾಗಿ ವೆಸ್ಟರ್ನ್ ಯೂನಿಯನ್ ಟೆಲಿಫೋನ್ ವ್ಯಾಪಾರದಿಂದ ಹಿಂದೆ ಸರಿಯಿತು. ಅಷ್ಟರಲ್ಲಿ ಬೆಲ್‌ಗೆ ಕಂಪನಿ ವ್ಯವಹಾರ ಸಾಕಾಗಿತ್ತು. ಅವನು ಅದನ್ನ ಬೇರೆಯವರಿಗೆ ಬಿಟ್ಟು ತನ್ನ ಪ್ರಯೋಗಗಳಿಗೆ ವಾಪಸ್ಸಾದ.

1880ರಲ್ಲಿ ಫ್ರಾನ್ಸ್ ಸರ್ಕಾರ 50,000 ಫ್ರಾಂಕಿನ ವೋಲ್ಟಾ ಬಹುಮಾನ ಕೊಟ್ಟಿತು. ಆ ದುಡ್ಡಲ್ಲಿ ವಾಷಿಂಗ್ಟನ್ನಲ್ಲಿ ಲ್ಯಾಬ್ ಮಾಡಿಕೊಂಡ. ಅದೇ ವರ್ಷ ಚಾರ್ಲ್ಸ್ ಟೈಂಟರ್ ಜೊತೆ ಸೇರಿ ಬೆಳಕಿನ ಮೇಲೆ ದನಿ ಕಳಿಸಿದ. ಮಾತಿಗೆ ಅದುರೋ ಕನ್ನಡಿಯ ಮೇಲೆ ಬಿಸಿಲು ಬೀಳಿಸಿ, ಸುಮಾರು 213 ಮೀಟರ್ ದೂರದಲ್ಲಿ ಸೆಲೆನಿಯಂನಿಂದ ಹಿಡಿದ. ಫೋಟೋಫೋನ್ ಅಂತ ಹೆಸರಿಟ್ಟ. ಟೆಲಿಫೋನಿಗಿಂತ ಇದೇ ದೊಡ್ಡದು ಅಂತ ಅವನ ನಂಬಿಕೆ. ಮೋಡ ಬಂದರೆ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಇವತ್ತು ನಮ್ಮ ಹಾಸ್ಟೆಲ್ ವೈಫೈ ಹಿಂದಿರೋ ಫೈಬರ್ ಕೇಬಲ್ ಮಾಡೋದು ಅದೇ ಕೆಲಸ, ಬೆಳಕಿನ ಮೇಲೆ ಸುದ್ದಿ ಹೊರೋದು.

1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕೋ ಲೋಹಶೋಧಕ ಮಾಡಿಕೊಂಡು ಓಡಿದ. ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗ್ ಇತ್ತು, ಡಾಕ್ಟರ್ ಬಲಗಡೆ ಮಾತ್ರ ಹುಡುಕೋಕೆ ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಯಂತ್ರ ಸರಿಯಿತ್ತು, ಹುಡುಕಿದ ಜಾಗ ತಪ್ಪು. ಸೆಪ್ಟೆಂಬರಲ್ಲಿ ಅಧ್ಯಕ್ಷ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಬೆಲ್‌ನ ಎಳೆ ಮಗು ಎಡ್ವರ್ಡ್ ಉಸಿರಾಟದ ತೊಂದರೆಯಿಂದ ಸತ್ತಿತು. ಆ ಸಂಕಟದಲ್ಲೂ ಉಸಿರಾಡಿಸೋ ಒಂದು ಕವಚ ಮಾಡೋಕೆ ಕೂತ. ಎರಡು ವರ್ಷದ ನಂತರ ಇನ್ನೊಂದು ಗಂಡು ಮಗುವೂ ಹೋಯಿತು. ಉಳಿದದ್ದು ಇಬ್ಬರು ಹೆಣ್ಣುಮಕ್ಕಳು.

ಇನ್ನು ನಾವು ಬರೆಯೋಕೆ ಹಿಂದೆಮುಂದೆ ನೋಡಿದ ಭಾಗಕ್ಕೆ ಬರೋಣ. ಬೆಲ್ ತನ್ನನ್ನ ಮೊದಲು ಕಿವುಡು ಮಕ್ಕಳ ಮೇಷ್ಟ್ರು ಅಂತಲೇ ಕರೆದುಕೊಳ್ಳುತ್ತಿದ್ದ. ಶ್ರವಣಶಕ್ತಿ ಅಳೆಯೋ ಆಡಿಯೋಮೀಟರ್ ಮಾಡಿದ. ಹೆಲೆನ್ ಕೆಲರ್‌ಳ ಅಪ್ಪ ಮಗಳನ್ನ ಕರೆದುಕೊಂಡು ಬಂದಾಗ ದಾರಿ ತೋರಿಸಿದ್ದು ಅವನೇ. ಅದರಿಂದಲೇ 1887ರಲ್ಲಿ ಆನ್ ಸಲಿವನ್ ಟೀಚರ್ ಆಗಿ ಬಂದದ್ದು. ಹೆಲೆನ್ ತನ್ನ ಆತ್ಮಕಥೆಯನ್ನ ಬೆಲ್‌ಗೇ ಅರ್ಪಿಸಿದಳು. ಇದೆಲ್ಲ ನಿಜ.

ಆದರೆ ಕಿವಿ ಕೇಳದವರು ಸನ್ನೆ ಭಾಷೆ ಬಿಟ್ಟು ಬಾಯಲ್ಲೇ ಮಾತಾಡಬೇಕು, ತುಟಿ ಓದಬೇಕು, ಕೇಳುವವರ ಜೊತೆ ಬೆರೆತುಹೋಗಬೇಕು ಅನ್ನೋದು ಅವನ ಹಠ. 1883ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಮುಂದೆ ಒಂದು ದೊಡ್ಡ ಪ್ರಬಂಧ ಓದಿದ. ಕಿವುಡರು ಕಿವುಡರನ್ನೇ ಮದುವೆಯಾಗುತ್ತಾ ಹೋದರೆ ಮನುಷ್ಯರಲ್ಲೇ ಕಿವುಡರ ಒಂದು ತಳಿ ಹುಟ್ಟಿಬಿಡುತ್ತೆ ಅನ್ನೋದು ಅದರ ವಾದ. ಕಾನೂನಿಂದ ಮದುವೆ ತಡೆಯೋದು ಕಷ್ಟ ಅಂತ ಒಪ್ಪಿಕೊಂಡು, ಬೇರೆ ದಾರಿ ಸೂಚಿಸಿದ: ಅವರನ್ನ ಒಟ್ಟಿಗೆ ಸೇರಿಸೋ ವಸತಿ ಶಾಲೆಗಳು ಬೇಡ, ಸನ್ನೆ ಭಾಷೆ ಬೇಡ, ಕಿವುಡು ಟೀಚರ್‌ಗಳು ಬೇಡ. ಅಮ್ಮನಿಗೆ ಬೆರಳಲ್ಲಿ ಅಕ್ಷರ ತೋರಿಸುತ್ತಿದ್ದ ಅದೇ ಹುಡುಗ ಬರೆದದ್ದಾ ಇದು ಅಂತ ಎರಡು ಸಲ ಓದಿದ್ವಿ.

ಎದುರು ನಿಂತವನು ಎಡ್ವರ್ಡ್ ಗ್ಯಾಲೊಡೆಟ್, ವಾಷಿಂಗ್ಟನ್ನಲ್ಲಿ ಕಿವುಡರ ಕಾಲೇಜು ನಡೆಸುತ್ತಿದ್ದವನು. ಅವನ ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ, ಆಕೆಯ ಭಾಷೆ ಸನ್ನೆ. ಇಬ್ಬರೂ ಕಿವಿ ಕೇಳದ ತಾಯಂದಿರ ಮಕ್ಕಳೇ, ಇಬ್ಬರೂ ಎರಡು ದಿಕ್ಕಿಗೆ ಹೋದರು. ಗ್ಯಾಲೊಡೆಟ್ ಮಾತೂ ಇರಲಿ, ಸನ್ನೆಯೂ ಇರಲಿ ಅಂದ. ಆದರೆ 1880ರಲ್ಲೇ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಮಾತೇ ಶ್ರೇಷ್ಠ, ಸನ್ನೆ ಬೇಡ ಅಂತ ಓಟು ಹಾಕಿ ತೀರ್ಮಾನಿಸಿತ್ತು. ಅಲ್ಲಿ ಬಂದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಬೆಲ್‌ನ ಹೆಸರೂ ದುಡ್ಡೂ ಆ ಕಡೆಯ ತಕ್ಕಡಿಗೆ ಸೇರಿದವು. ಮುಂದೆ ಹಲವು ದಶಕ ಎಷ್ಟೋ ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಮಿಲಾನ್ ತೀರ್ಮಾನ ತಪ್ಪು ಅಂತ ಅದೇ ಸಮ್ಮೇಳನದ ಪರಂಪರೆಯವರು ಒಪ್ಪಿಕೊಂಡಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. 130 ವರ್ಷ ಆದಮೇಲೆ.

ಬೆಲ್ ಕೆಟ್ಟವನಾ ಅಂದರೆ ನಮಗೆ ಹಾಗನ್ನಿಸೋದಿಲ್ಲ. ಅವನು ಕೆಲಸ ಮಾಡಿದ್ದು ಪ್ರೀತಿಯಿಂದಲೇ. ಮೇಬಲ್ ತುಟಿ ಓದಿ ಲೋಕದ ಜೊತೆ ಬೆರೆತದ್ದನ್ನ ದಿನಾ ಕಣ್ಣೆದುರು ನೋಡುತ್ತಿದ್ದ. ಇವಳಿಗೆ ಆದದ್ದು ಎಲ್ಲರಿಗೂ ಆಗುತ್ತೆ ಅಂದುಕೊಂಡ. ಆದರೆ ಮೇಬಲ್ ಐದು ವರ್ಷ ಕೇಳಿಸಿಕೊಂಡು ಮಾತು ಕಲಿತಿದ್ದವಳು. ಹುಟ್ಟಿನಿಂದಲೇ ಕೇಳಿಸದ ಮಗುವಿನ ಕಥೆ ಬೇರೆ. ಒಂದೇ ಸೆಟ್ಟಿಂಗ್ ಎಲ್ಲ ಟಿವಿಗೂ ಹೊಂದೋದಿಲ್ಲ. ಸ್ಪೀಕರೇ ಇಲ್ಲದ ಕಡೆಗೆ ಮಾತು ಕಳಿಸಿ, ಕೇಳಲಿಲ್ಲ ಅಂದರೆ ತಪ್ಪು ಟಿವಿಯದ್ದಾ?

ಬೆಲ್‌ನ ಕೊನೆಯ ವರ್ಷಗಳು ಕೆನಡಾದ ನೋವಾ ಸ್ಕೋಶಾದ ಬ್ಯಾಡೆಕ್ ಊರಿನ ಹತ್ತಿರ, ಕೆರೆ ದಡದ ಗುಡ್ಡದ ಮೇಲೆ ಕಳೆದವು. ದೈತ್ಯ ಗಾಳಿಪಟ ಹಾರಿಸಿದ. ಮೇಬಲ್ ದುಡ್ಡು ಹಾಕಿ ಕಟ್ಟಿಸಿದ ತಂಡದ ಸಿಲ್ವರ್ ಡಾರ್ಟ್ ವಿಮಾನ 1909ರ ಫೆಬ್ರವರಿ 23ರಂದು ಹೆಪ್ಪುಗಟ್ಟಿದ ಆ ನೀರಿನ ಮೇಲಿಂದಲೇ ಹಾರಿತು. 1919ರಲ್ಲಿ ಅವನ ದೋಣಿ ನೀರಿನ ಮೇಲೆ ಎದ್ದು ಗಂಟೆಗೆ 70 ಮೈಲಿಗೂ ಮೀರಿ ಓಡಿ ದಾಖಲೆ ಮಾಡಿತು. ಇದರ ಮಧ್ಯೆ 1915ರ ಜನವರಿ 25ರಂದು ಅಮೆರಿಕದ ಆ ತುದಿಯಿಂದ ಈ ತುದಿಗೆ ಫೋನ್ ಲೈನ್ ಉದ್ಘಾಟನೆ. ನ್ಯೂಯಾರ್ಕಿನಲ್ಲಿ ಬೆಲ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಟ್ಸನ್, ಇಬ್ಬರಿಗೂ ತಲೆ ನರೆತಿದೆ. ಬೆಲ್ ಹಳೇ ಥರಾನೇ ವ್ಯಾಟ್ಸನ್‌ನನ್ನ ಬಾ ಅಂತ ಕರೆದ. ಈಗ ಬರೋಕೆ ಒಂದು ವಾರ ಬೇಕು ಅಂತ ವ್ಯಾಟ್ಸನ್ ನಕ್ಕ. ಅಷ್ಟು ದೂರ ದನಿ ಸಾಯದೆ ಮುಟ್ಟಿದ್ದು ದಾರಿಯಲ್ಲಿ ಇಟ್ಟ ವ್ಯಾಕ್ಯೂಮ್ ಟ್ಯೂಬ್ ಆಂಪ್ಲಿಫಯರ್‌ಗಳಿಂದ.

1922ರ ಆಗಸ್ಟ್ 2ರಂದು ಸಕ್ಕರೆ ಕಾಯಿಲೆಯ ತೊಂದರೆಯಿಂದ ಬೆಲ್ ತೀರಿಕೊಂಡ. ಮಣ್ಣು ಮಾಡೋ ಹೊತ್ತಿಗೆ ಉತ್ತರ ಅಮೆರಿಕದ ಫೋನುಗಳೆಲ್ಲ ಒಂದು ನಿಮಿಷ ಸುಮ್ಮನಾದವು. ಐದೇ ತಿಂಗಳಲ್ಲಿ ಮೇಬಲ್ ಕೂಡ ಹೋದಳು.

ಬೆಲ್ ಸತ್ತ ಮೇಲೆ ಬಿ ಹುಟ್ಟಿತು. ಅಲ್ಲೀವರೆಗೆ ಫೋನ್ ಇಂಜಿನಿಯರ್‌ಗಳು ದನಿಯ ಸವೆತವನ್ನ ಮೈಲಿಯಲ್ಲಿ ಅಳೆಯುತ್ತಿದ್ದರು. ಈ ಲೈನಿನಲ್ಲಿ ಇಷ್ಟು ಮೈಲಿ ಸ್ಟ್ಯಾಂಡರ್ಡ್ ಕೇಬಲ್ಲಿನಷ್ಟು ನಷ್ಟ ಅಂತ. ಆದರೆ ಆ ಕೇಬಲ್ಲಿನ ನಷ್ಟ ಫ್ರೀಕ್ವೆನ್ಸಿಗೊಂದು ಥರ ಇರುತ್ತಿತ್ತು. ಅದಕ್ಕೆ 1920ರ ದಶಕದಲ್ಲಿ ಲಾಗರಿದಮ್ ಆಧಾರದ ಹೊಸ ಮಾನ ತಂದರು. ಮೊದಲು ಟ್ರಾನ್ಸ್‌ಮಿಷನ್ ಯೂನಿಟ್ ಅಂತಿದ್ದ ಅದಕ್ಕೆ 1928ರ ಹೊತ್ತಿಗೆ ಡೆಸಿಬಲ್ ಅನ್ನೋ ಹೆಸರು ಬಂತು. ಶಕ್ತಿ ಹತ್ತು ಪಟ್ಟಾದರೆ ಒಂದು ಬೆಲ್, ಅದರ ಹತ್ತನೇ ಒಂದು ಪಾಲು ಡೆಸಿಬಲ್. ಹೆಸರಿನ ಎರಡು ಎಲ್‌ಗಳಲ್ಲಿ ಒಂದು ಉದುರಿಹೋಯಿತು. ಇದರ ಸೊಗಸೇನಂದರೆ ಗುಣಾಕಾರ ಎಲ್ಲ ಕೂಡೋ ಲೆಕ್ಕ ಆಗುತ್ತೆ. ನಮ್ಮ ಮೂರು ನಲ್ಲಿಯ ಉದಾಹರಣೆಯನ್ನೇ ತಗೊಳ್ಳಿ. ಪ್ಲೇಯರಲ್ಲಿ 6 ಡಿಬಿ ಕಳೆದು, ವಿಂಡೋಸಲ್ಲಿ 10 ಡಿಬಿ ಕಳೆದರೆ ಟಿವಿಗೆ ಮುಟ್ಟೋ ಹೊತ್ತಿಗೆ 16 ಡಿಬಿ ಹೋಗಿರುತ್ತೆ, ಅಂದರೆ ಶಕ್ತಿ ಸುಮಾರು 40ನೇ ಒಂದು ಪಾಲು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕಿವಿ ತೋರಿಸೋಕೆ ಹೋದರೂ ಆಡಿಯೋಗ್ರಾಮಲ್ಲಿ ಬರೋದು ಇದೇ ಡಿಬಿ. ಎಷ್ಟು ಜೋರು ಮಾಡಿದರೆ ಕೇಳುತ್ತೆ ಅನ್ನೋದನ್ನ ಅದು ಹೇಳುತ್ತೆ. ಆ ಮನುಷ್ಯನಿಗೆ ಏನು ಬೇಕು ಅನ್ನೋದನ್ನ ಹೇಳೋದಿಲ್ಲ. ಅದನ್ನ ಬಾಯಿಬಿಟ್ಟು ಕೇಳಬೇಕು.

ನಾವೂ ಕೇಳಿರಲಿಲ್ಲ. ಸೌಂಡ್ ಸರಿಮಾಡಿದ ಖುಷಿಯಲ್ಲಿ ವಾಚ್‌ಮನ್ ತಾತನನ್ನ ಆ ರಾತ್ರಿಯೇ ಮತ್ತೆ ಕರೆದು ತಂದಿದ್ವಿ. ಅವರು ಹತ್ತು ನಿಮಿಷ ಕೂತು ಮತ್ತೆ ಎದ್ದುಹೋಗಿದ್ದರು. ವಾಲ್ಯೂಮ್ ಸಾಲಲಿಲ್ಲವೇನೋ ಅಂತ ನಮ್ಮ ಅಂದಾಜು. ರಜೆ ಮುಗಿಸಿ ಬಂದ ಮೇಲೆ, ಇದನ್ನೆಲ್ಲ ಓದಿದ್ದರಿಂದ, ಹೋಗಿ ಕೇಳಿದ್ವಿ. ಸದ್ದು ಬೇಕಾದಷ್ಟು ಕೇಳುತ್ತೆ, ಮಾತು ಮಾತ್ರ ಒಂದಕ್ಕೊಂದು ಕಲಸಿಕೊಳ್ಳುತ್ತೆ, ಜೋರು ಮಾಡಿದಷ್ಟೂ ತಲೆನೋವು ಅಂದರು. ಎಡಗಿವಿ ವಾಸಿ, ಬಲಗಿವಿ ಇಲ್ಲವೇ ಇಲ್ಲ ಅಂತೆ. ನಾವು ಗೌರವ ಅಂತ ಮುಂದಿನ ಸಾಲಲ್ಲಿ ಎಡತುದಿಗೆ ಕುರ್ಚಿ ಹಾಕಿದ್ವಿ, ಟಿವಿ ಅವರ ಬಲಗಡೆಗೆ ಬಿದ್ದಿತ್ತು.

ಈ ಸಲದ ಸಿನಿಮಾಕ್ಕೆ ಅವರ ಕುರ್ಚಿಯನ್ನ ಬಲತುದಿಗೆ ಹಾಕಿದ್ವಿ. ಕಥೆ ಗಂಟಾದ ಕಡೆ ನಮ್ಮಲ್ಲೊಬ್ಬ ಪಾಸ್ ಒತ್ತಿ, ಅವರ ಎಡಗಿವಿ ಹತ್ತಿರ ಮೆಲ್ಲಗೆ ಹೇಳಿದ. ಕೊನೇವರೆಗೂ ಕೂತಿದ್ದರು. ಗೇಟಿಗೆ ಹೋಗುವಾಗ ಹೀರೋ ಆ ಹುಡುಗಿಯನ್ನ ಮದುವೆ ಆಗಬಾರದಿತ್ತು ಅಂತ ಬೈದುಕೊಂಡೇ ಹೋದರು.

ನಿಮ್ಮ ಹಾಸ್ಟೆಲ್ ಟಿವಿಯಲ್ಲೂ ಮಾತು ಕೇಳದಿದ್ದರೆ ಮೊದಲು 5.1 ತೆಗೆದು ಸ್ಟೀರಿಯೋ ಮಾಡಿ. ಆಮೇಲೂ ಯಾರಿಗಾದರೂ ಕೇಳದಿದ್ದರೆ, ರಿಮೋಟ್ ಕೆಳಗಿಟ್ಟು ಅವರನ್ನೇ ಕೇಳಿ.